ಹೆಣಿಗೆಯ ಕಡ್ಡಿಯೂ ಬರಕತ್ತೂ: ಕಲ್ಯಾಣದ ಸೀಮೆಯಿಂದ ಒಂದು ಚರಿತ್ರೆಯ ಓದು

ಚರಿತ್ರೆಯ ಪುಟಗಳಲ್ಲಿ ಕೋಟೆ ಕಟ್ಟಿಸಿದವರ ಹೆಸರುಗಳಿವೆ. ಆ ಕೋಟೆಯ ಬುರುಜಿನ ಮೇಲೆ ಚಳಿಯ ರಾತ್ರಿ ಕಾವಲು ನಿಂತವನಿಗೆ ಹೊದಿಕೆ ಸಿದ್ಧಪಡಿಸಿ ಕೊಟ್ಟವರ ಹೆಸರುಗಳಿಲ್ಲ. ಬಸವಕಲ್ಯಾಣ ಮತ್ತು ಹುಮನಾಬಾದಿನ ಸೀಮೆಯಲ್ಲಿ ಬಾಳುವ ನಮಗೆ ಈ ಕೊರತೆ ಎದ್ದು ಕಾಣುತ್ತದೆ. 11ನೆಯ ಶತಮಾನದಲ್ಲಿ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರನು ಕಲ್ಯಾಣವನ್ನು ತನ್ನ ರಾಜಧಾನಿಯನ್ನಾಗಿ ಮಾಡಿಕೊಂಡನು. ಅದೇ ವಂಶದ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಅರಸನ ಭೋಗಗಳ ನಡುವೆ ವಸ್ತ್ರಕ್ಕೂ ಒಂದು ಸ್ಥಾನವಿದೆ. ಆದರೆ ಆ ವಸ್ತ್ರಗಳಿಗೆ ನೂಲು ತೆಗೆದ ಹೆಂಗಸರು ಯಾರೆಂಬುದನ್ನು ಇಂದು ಯಾರೂ ಅರಿಯರು.

ನಾವಿಲ್ಲಿ ಎತ್ತಿಕೊಂಡಿರುವ ವಿಷಯ ನೋಡಲು ಬಹಳ ಚಿಕ್ಕದು. ಎರಡು ಕಡ್ಡಿ, ಒಂದು ಉಣ್ಣೆಯ ಉಂಡೆ, ಬಿಡುವಿನ ಒಂದು ಗಳಿಗೆ. ಅಸರ್ ನಮಾಝಿನ ಬಳಿಕ ಅಂಗಳದ ಬಿಸಿಲಿನಲ್ಲಿ ಕುಳಿತ ತಾಯಿಯೊಬ್ಬಳು ಮಗುವಿಗೆ ಸ್ವೆಟರ್ ಹೆಣೆಯುತ್ತಿದ್ದರೆ, ಅದನ್ನು ಕಾಲ ಕಳೆಯುವ ಹವ್ಯಾಸವೆಂದು ನಾವು ಭಾವಿಸುತ್ತೇವೆ. ಇಲ್ಲವೇ ಅದು ಬ್ರಿಟಿಷ್ ಮೇಡಂಗಳಿಂದ ಬಂದ ಶೋಕಿ ಎಂದು ನಗುತ್ತೇವೆ. ಈ ಎರಡು ಮಾತುಗಳೂ ಸರಿಯಲ್ಲವೆಂಬುದನ್ನು ಚರಿತ್ರೆ ತೋರಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ ಕೈಗಳಿಗೆ ಸಲ್ಲಬೇಕಾದ ಗೌರವವನ್ನು ನಮ್ಮ ದೀನ್ ಎಂದೋ ಕಲಿಸಿಕೊಟ್ಟಿದೆ.

ಬೀದರ್ ಜಿಲ್ಲೆಯ ಈ ಪ್ರಸ್ಥಭೂಮಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಬೇಸಗೆಯಲ್ಲಿ ಕಾದ ಹೆಂಚಿನಂತಾಗುವ ಈ ನೆಲ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಮೈ ಕೊರೆಯುವಷ್ಟು ತಣ್ಣಗಾಗುತ್ತದೆ. ಫಜ್ರ್ ನಮಾಝಿಗೆ ಹೊರಡುವ ವೃದ್ಧರಿಗೂ ಬೆಳಗಿನ ಮದ್ರಸಕ್ಕೆ ಹೋಗುವ ಮಕ್ಕಳಿಗೂ ಉಣ್ಣೆಯ ಉಡುಪು ಅಲಂಕಾರವಲ್ಲ, ಅಗತ್ಯ. ದಖ್ಖನಿನ ಕುರಿಗಳ ಒರಟಾದ ಕಪ್ಪು ಉಣ್ಣೆಯಿಂದ ಕುರುಬ ಸಮುದಾಯದವರು ಶತಮಾನಗಳಿಂದ ಕಂಬಳಿ ನೇಯುತ್ತ ಬಂದಿದ್ದಾರೆ. ಉಣ್ಣೆ ಕತ್ತರಿಸಿ, ಹಿಂಜಿ, ನೂತು, ಹುಣಸೆ ಬೀಜದ ಗಂಜಿ ಕೊಟ್ಟು ಎಳೆಗಳನ್ನು ಗಟ್ಟಿಗೊಳಿಸಿ ಮಗ್ಗಕ್ಕೆ ಏರಿಸುವ ಆ ಕೆಲಸದಲ್ಲಿ ನೂಲುವ ಭಾಗ ಬಹುಮಟ್ಟಿಗೆ ಹೆಂಗಸರದೇ. ಜಾತಿ, ಧರ್ಮಗಳ ಭೇದವಿಲ್ಲದೆ ಈ ಸೀಮೆಯ ಎಲ್ಲ ಮನೆಗಳನ್ನೂ ಬೆಚ್ಚಗಿಟ್ಟದ್ದು ಆ ಕಂಬಳಿ.

ಉಣ್ಣೆಯ ಮಾತು ಪವಿತ್ರ ಕುರ್‌ಆನಿನಲ್ಲಿಯೂ ಬಂದಿದೆ. ಸೂರಃ ಅನ್ನಹ್ಲ್‌ನ 80 ಮತ್ತು 81ನೆಯ ವಚನಗಳಲ್ಲಿ ಅಲ್ಲಾಹನು ತನ್ನ ಅನುಗ್ರಹಗಳನ್ನು ನೆನಪಿಸುತ್ತ ಜಾನುವಾರುಗಳ ಉಣ್ಣೆ, ತುಪ್ಪಳ ಮತ್ತು ರೋಮಗಳಿಂದ ಮನುಷ್ಯನಿಗೆ ದೊರೆಯುವ ಮನೆಬಳಕೆಯ ವಸ್ತುಗಳನ್ನು ಹೆಸರಿಸುತ್ತಾನೆ. ದೇಹವನ್ನು ರಕ್ಷಿಸುವ ಉಡುಪನ್ನೂ ಆ ಅನುಗ್ರಹಗಳ ಸಾಲಿನಲ್ಲಿಯೇ ಎಣಿಸುತ್ತಾನೆ. ಸೂರಃ ಸಬಾದಲ್ಲಿ ಪ್ರವಾದಿ ದಾವೂದ್(ಅ)ರಿಗೆ ಕಬ್ಬಿಣವನ್ನು ಮೃದುಗೊಳಿಸಿಕೊಟ್ಟ ವೃತ್ತಾಂತವಿದೆ. ಕವಚ ಮಾಡುವಾಗ ಕೊಂಡಿಗಳನ್ನು ಸರಿಯಾದ ಅಳತೆಯಲ್ಲಿ ಜೋಡಿಸಬೇಕೆಂಬ ಆದೇಶ ಅಲ್ಲಿ ಬರುತ್ತದೆ. ಅದರ ಬೆನ್ನಿಗೇ ಸತ್ಕರ್ಮದ ಆದೇಶವೂ ಬರುತ್ತದೆ. ಕಸುಬಿನ ಅಳತೆ ತಪ್ಪದಿರುವುದನ್ನೂ ಬದುಕಿನ ಒಳಿತನ್ನೂ ಒಂದೇ ಉಸಿರಿನಲ್ಲಿ ಹೇಳಿರುವುದು ಯೋಚಿಸತಕ್ಕ ಸಂಗತಿ. ಕುಣಿಕೆಯೊಳಗೆ ಕುಣಿಕೆ ಸೇರಿಸಿ ಬಟ್ಟೆ ಬೆಳೆಸುವ ಹೆಣಿಗೆಗೂ ಕೊಂಡಿಯೊಳಗೆ ಕೊಂಡಿ ಸೇರಿಸಿ ಕವಚ ಮಾಡುವ ಆ ಕಸುಬಿಗೂ ಇರುವ ಹೋಲಿಕೆ ಬಲ್ಲವರಿಗೆ ತಾನೇ ಹೊಳೆಯುತ್ತದೆ.

ನೇಯ್ಗೆ ಬೇರೆ, ಹೆಣಿಗೆ ಬೇರೆ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಿಕೊಳ್ಳಬೇಕು. ನೇಯ್ಗೆಯಲ್ಲಿ ಹಾಸು ಮತ್ತು ಹೊಕ್ಕು ಎಂಬ ಎರಡು ಬಗೆಯ ಎಳೆಗಳು ಅಡ್ಡವಾಗಿ ದಾಟುತ್ತವೆ. ಅದಕ್ಕೆ ಮಗ್ಗ ಬೇಕು, ಮಗ್ಗಕ್ಕೆ ಜಾಗ ಬೇಕು. ಹೆಣಿಗೆಯಲ್ಲಾದರೋ ಒಂದೇ ಎಳೆ ಸಾಕು. ಅದು ತನ್ನ ಕುಣಿಕೆಯೊಳಗಿಂದಲೇ ಹೊಸ ಕುಣಿಕೆಯನ್ನು ಎಳೆದುಕೊಳ್ಳುತ್ತ ಸಾಗುತ್ತದೆ. ಹಾಗಾಗಿಯೇ ಹೆಣೆದ ಬಟ್ಟೆ ಹಿಗ್ಗುತ್ತದೆ, ಮೈಗೆ ಹೊಂದಿಕೊಳ್ಳುತ್ತದೆ. ನಾವು ದಿನವೂ ತೊಡುವ ಬನಿಯನ್, ದಖನಿ ಮಾತಿನಲ್ಲಿ ‘ಮೋಜೆ’ ಎನ್ನುವ ಕಾಲುಚೀಲ, ಮಕ್ಕಳ ಕುಲಾವಿ ಎಲ್ಲವೂ ಹೆಣಿಗೆಯ ಸಂತಾನವೇ. ನಮಾಝಿಗೆ ಧರಿಸುವ ಬಿಳಿಯ ಜಾಲಿ ಟೋಪಿ ಒಂದೇ ಕೊಕ್ಕೆಕಡ್ಡಿಯ ಕ್ರೋಶಾ ಕೆಲಸವಾದ್ದರಿಂದ ಅದನ್ನು ಹೆಣಿಗೆಯ ಸೋದರಿ ಎನ್ನಬಹುದು.

ಈ ಕಲೆಯ ಬೇರು ಎಲ್ಲಿದೆ? ಈಜಿಪ್ಟಿನಲ್ಲಿ ಕ್ರಿ.ಶ. 3ರಿಂದ 5ನೆಯ ಶತಮಾನಗಳ ಕಾಲುಚೀಲಗಳು ದೊರೆತಿವೆ. ಆದರೆ ಅವು ಒಂದೇ ಸೂಜಿಯಿಂದ ಗಂಟುಹಾಕುತ್ತ ಮಾಡಿದ ಬೇರೊಂದು ಬಗೆಯವು. ಎರಡು ಅಥವಾ ಹೆಚ್ಚು ಕಡ್ಡಿಗಳಿಂದ ಮಾಡಿದ ನಿಜವಾದ ಹೆಣಿಗೆಯ ಅತ್ಯಂತ ಹಳೆಯ ಮಾದರಿಗಳು ಕೂಡ ಈಜಿಪ್ಟಿನವೇ. ಅವು ಇಸ್ಲಾಮೀ ಆಳ್ವಿಕೆಯ ಮಧ್ಯಯುಗಕ್ಕೆ ಸೇರಿದವು. ಬಿಳಿ ಮತ್ತು ನೀಲಿಯ ಬಣ್ಣದ ಹತ್ತಿ ನೂಲಿನ ಆ ಮೋಜೆಗಳು ಇಂದು ಜಗತ್ತಿನ ಹಲವು ವಸ್ತುಸಂಗ್ರಹಾಲಯಗಳಲ್ಲಿವೆ. ಕೆಲವದರಲ್ಲಿ ಕೂಫಿ ಲಿಪಿಯನ್ನು ಹೋಲುವ ಪಟ್ಟಿಗಳಿವೆ. ಅವುಗಳ ಕುಶಲತೆ ಕಲಿಯುವವರ ಕೈಯದಲ್ಲ, ನುರಿತವರ ಕೈಯದು. ಆದ್ದರಿಂದ ಈ ವಿದ್ಯೆ ಅದಕ್ಕೂ ಮೊದಲೇ ಅಲ್ಲಿ ಬೆಳೆದಿರಬೇಕೆಂದು ತಜ್ಞರು ಊಹಿಸುತ್ತಾರೆ. ಅಂಥ ಕೆಲವು ಮೋಜೆಗಳನ್ನು ಬೆರಳ ತುದಿಯಿಂದ ಆರಂಭಿಸಿ ಮೇಲಕ್ಕೆ ಹೆಣೆದು, ಹಿಮ್ಮಡಿಯನ್ನು ಕೊನೆಗೆ ಸೇರಿಸಲಾಗಿದೆ. ಹಿಮ್ಮಡಿಯೇ ಮೊದಲು ಸವೆಯುವುದರಿಂದ ಅಷ್ಟನ್ನೇ ಬಿಚ್ಚಿ ಹೊಸದು ಹಾಕಿಕೊಳ್ಳುವುದಕ್ಕೆ ಇದು ಅನುಕೂಲ. ಇಸ್ರಾಫ್ ಅಂದರೆ ದುಂದು ಸಲ್ಲದೆಂಬ ಶಿಕ್ಷಣ ಒಂದು ಮೋಜೆಯ ಹಿಮ್ಮಡಿಯಲ್ಲಿಯೂ ನೆಲೆಸಬಲ್ಲದು.

ಯುರೋಪಿನಲ್ಲಿ ಉಳಿದಿರುವ ಅತ್ಯಂತ ಹಳೆಯ ಹೆಣಿಗೆಯ ವಸ್ತುಗಳಲ್ಲಿ ಕೆಲವು ಸ್ಪೇನಿನ ಬುರ್ಗೋಸ್ ನಗರದ ಲಾಸ್ ಹುವೆಲ್ಗಾಸ್ ಮಠದಲ್ಲಿ ದೊರೆತವು. 1275ರಲ್ಲಿ ತೀರಿಕೊಂಡ ರಾಜಕುಮಾರ ಫೆರ್ನಾಂಡೊ ದೆ ಲಾ ಸೆರ್ದಾನ ಸಮಾಧಿಯಲ್ಲಿ ರೇಷ್ಮೆಯ ಹೆಣಿಗೆಯ ಒಂದು ದಿಂಬಿನ ಹೊದಿಕೆ ಇತ್ತು. ಅದರ ಅಂಚಿನಲ್ಲಿ ಅರಬೀ ಲಿಪಿಯಲ್ಲಿ ‘ಬರಕಃ’ ಎಂಬ ಪದ ಮತ್ತೆ ಮತ್ತೆ ಬಂದಿದೆ. ಕ್ರೈಸ್ತ ರಾಜಮನೆತನದ ಸೇವೆಯಲ್ಲಿದ್ದ ಮುಸ್ಲಿಂ ಕುಶಲಕರ್ಮಿಗಳ ಕೆಲಸವದು ಎಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಹೆಣೆದವರ ಹೆಸರು ಗೊತ್ತಿಲ್ಲ. ಅನ್ಯಧರ್ಮೀಯನೊಬ್ಬನ ತಲೆಯಡಿಯ ದಿಂಬಿನಲ್ಲಿ ಅವರು ತಮ್ಮ ಹೆಸರಿಗೆ ಬದಲಾಗಿ ಒಂದು ದುಆವನ್ನು ಬಿಟ್ಟುಹೋದರು.

ಮುಂದೆ ಯುರೋಪಿನಲ್ಲಿ ಹೆಣಿಗೆ ದೊಡ್ಡ ಕಸುಬಾಯಿತು. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲ ಹೆಣೆಯುವ ಯಂತ್ರವನ್ನು ಕಂಡುಹಿಡಿದನು. 19ನೆಯ ಶತಮಾನದಲ್ಲಿ ಬ್ರಿಟಿಷ್ ಅಧಿಕಾರಿಗಳ ಕುಟುಂಬಗಳ ಮೂಲಕವೂ ಕ್ರೈಸ್ತ ಮಿಷನ್ ಶಾಲೆಗಳ ಮೂಲಕವೂ ಈ ವಿದ್ಯೆ ನಮ್ಮ ದೇಶದ ಹೆಣ್ಣುಮಕ್ಕಳ ಪಾಠಗಳಲ್ಲಿ ಸೇರಿ ವ್ಯಾಪಕವಾಗಿ ಹರಡಿತು. ಪಂಜಾಬಿನ ಲುಧಿಯಾನಾದಲ್ಲಿ ನೆಲೆಸಿದ ಕಾಶ್ಮೀರದ ಶಾಲು ನೇಕಾರರ ಪರಂಪರೆಯಿಂದ ಆ ನಗರದ ಉಣ್ಣೆ ಉಡುಪಿನ ಉದ್ಯಮ ಬೆಳೆಯಿತು. ಇಂದು ಚಳಿಗಾಲದಲ್ಲಿ ನಮ್ಮ ಪೇಟೆಗಳಿಗೆ ಬರುವ ಸಿದ್ಧ ಸ್ವೆಟರ್‌ಗಳಲ್ಲಿ ಬಹಳಷ್ಟು ಅಲ್ಲಿಯವೇ. ಹೀಗೆ, ನಾವು ಪರಕೀಯವೆಂದು ಭಾವಿಸಿದ ವಿದ್ಯೆ ಒಮ್ಮೆ ಮುಸ್ಲಿಂ ನಾಡುಗಳಲ್ಲಿ ಪಳಗಿ, ಸಮುದ್ರ ದಾಟಿ, ಸುತ್ತು ಬಳಸಿ ನಮ್ಮ ಅಂಗಳಕ್ಕೆ ಬಂದಿದೆ. ಇದನ್ನು ಹೆಮ್ಮೆ ಕೊಚ್ಚಿಕೊಳ್ಳಲು ಹೇಳುತ್ತಿಲ್ಲ. ವಿದ್ಯೆಗೆ ಯಾವ ಒಂದು ಜನಾಂಗವೂ ಒಡೆಯನಲ್ಲ. ಅದು ಕೈಯಿಂದ ಕೈಗೆ ದಾಟುವ ಅಲ್ಲಾಹನ ಅಮಾನತ್ತು.

ಈಗ ನಮ್ಮ ದಖ್ಖನಿಗೆ ಮರಳೋಣ. ಇಲ್ಲಿ ನೂಲಿನ ಕೆಲಸ ಮಾಡಿದ ಹೆಂಗಸರನ್ನು ಲೋಕ ಎರಡು ಕಣ್ಣುಗಳಿಂದ ನೋಡಿದೆ. 12ನೆಯ ಶತಮಾನದಲ್ಲಿ ಬಸವಣ್ಣನವರ ನೇತೃತ್ವದಲ್ಲಿ ಕಲ್ಯಾಣದಲ್ಲಿ ನಡೆದ ಶರಣ ಚಳವಳಿಯು ಕಾಯಕಕ್ಕೆ ಘನತೆ ತಂದಿತು. ಆ ಚಳವಳಿಗೆ ಸೇರಿದ ಕದಿರ ರೆಮ್ಮವ್ವೆ ನೂಲುವುದನ್ನೇ ಕಾಯಕವಾಗಿ ಉಳ್ಳವಳು. ಅವಳ ಹೆಸರಿಗೇ ಕದಿರು ಅಂಟಿಕೊಂಡಿದೆ. ಅವಳ ಒಂದು ವಚನದಲ್ಲಿ ತಾನು ತಿರುಗಿಸುವ ರಾಟೆಯ ಒಂದೊಂದು ಅಂಗಕ್ಕೂ ಅವಳು ತನ್ನ ನಂಬಿಕೆಯ ಅರ್ಥವನ್ನು ಕೊಡುತ್ತಾಳೆ. ನಮ್ಮ ವಿಶ್ವಾಸದ ದಾರಿ ಬೇರೆಯಾಗಿರಬಹುದು. ಆದರೂ ದುಡಿಮೆಯ ಸಾಧನದೆದುರು ಆ ತಾಯಿ ತೋರಿದ ಗಾಂಭೀರ್ಯ ಗೌರವಕ್ಕೆ ಅರ್ಹವಾದುದು.

ಇನ್ನೊಂದು ಕಣ್ಣು ಬೇರೆ ಬಗೆಯದು. ಬಹಮನಿ ರಾಜ್ಯದ ಸ್ಥಾಪಕ ಅಲಾವುದ್ದೀನ್ ಹಸನ್ ಬಹಮನ್ ಶಾಹನ ಕಾಲದಲ್ಲಿ ಇಸಾಮಿ ಎಂಬ ಕವಿಯು 1350ರಲ್ಲಿ ‘ಫುತೂಹುಸ್ಸಲಾತೀನ್’ ಎಂಬ ಫಾರ್ಸಿ ಚರಿತ್ರಕಾವ್ಯವನ್ನು ಮುಗಿಸಿದನು. 1236ರಿಂದ 1240ರವರೆಗೆ ದೆಹಲಿಯನ್ನು ಆಳಿದ ರಝಿಯಾ ಸುಲ್ತಾನಳನ್ನು ಟೀಕಿಸುತ್ತ ಆತನು, ಹೆಣ್ಣಿಗೆ ತಕ್ಕ ಸ್ಥಳ ಚರಖಾದ ಮುಂದೆ ಎಂಬರ್ಥದ ಮಾತನ್ನಾಡುತ್ತಾನೆ. ಭಾರತದಲ್ಲಿ ಚರಖಾದ ಆರಂಭಿಕ ಉಲ್ಲೇಖಗಳನ್ನು ಹುಡುಕಿದ ಇತಿಹಾಸಕಾರ ಇರ್ಫಾನ್ ಹಬೀಬ್ ಈ ಸಾಲುಗಳತ್ತ ಗಮನ ಸೆಳೆದರು. ಅಂದರೆ ದೇಶದ ಲಕ್ಷಾಂತರ ಮನೆಗಳಿಗೆ ಬಟ್ಟೆ ಕೊಟ್ಟ ಒಂದು ಸಾಧನ ಆಸ್ಥಾನದ ಗ್ರಂಥದೊಳಗೆ ಬಂದದ್ದು ಸ್ತ್ರೀಯನ್ನು ಹೀಗಳೆಯುವ ನೆಪದಲ್ಲಿ. ಒಬ್ಬಳು ರಾಟೆಯಲ್ಲಿ ಪವಿತ್ರವನ್ನು ಕಂಡಳು. ಒಬ್ಬನು ಅದನ್ನೇ ಬೈಗುಳವಾಗಿಸಿದನು. ಮುಸ್ಲಿಮನು ಬರೆದನೆಂಬ ಕಾರಣಕ್ಕೆ ಇಸಾಮಿಯ ಮಾತು ಇಸ್ಲಾಮಿನ ಮಾತಾಗುವುದಿಲ್ಲ.

ದಖ್ಖನಿನ ಸೂಫಿಗಳು ಈ ವಿಷಯದಲ್ಲಿ ಹೆಚ್ಚು ಮನುಷ್ಯತ್ವದ ದಾರಿ ಹಿಡಿದರು. ಬಿಜಾಪುರದ ಸೂಫಿಗಳ ಕುರಿತು ಬರೆದ ಇತಿಹಾಸಕಾರ ರಿಚರ್ಡ್ ಈಟನ್ ‘ಚಕ್ಕೀನಾಮಾ’ ಮತ್ತು ‘ಚರಖಾನಾಮಾ’ಗಳೆಂಬ ದಖನಿ ಹಾಡುಗಳನ್ನು ವಿವರಿಸಿದ್ದಾರೆ. ಹಿಟ್ಟು ಬೀಸುವಾಗ, ನೂಲು ತೆಗೆಯುವಾಗ ಹೆಂಗಸರು ಹಾಡುತ್ತಿದ್ದ ಆ ಸರಳ ಪದ್ಯಗಳು ಚರಖಾದ ತಿರುಗಾಟವನ್ನು ಝಿಕ್ರ್‌ಗೆ ಹೋಲಿಸುತ್ತಿದ್ದವು. ಆಸ್ಥಾನದ ಕವಿ ಹೆಣ್ಣನ್ನು ಸುಮ್ಮನಿರಿಸಲು ಬಳಸಿದ ಚರಖಾವೇ ಇಲ್ಲಿ ಅವಳ ದೀನೀ ಶಿಕ್ಷಣದ ಸಾಧನವಾಯಿತು. ‘ಸೂಫಿ’ ಎಂಬ ಪದವೇ ಉಣ್ಣೆ ಎಂಬರ್ಥದ ‘ಸೂಫ್’ನಿಂದ ಬಂದಿತೆಂಬುದು ಪ್ರಸಿದ್ಧವಾದ ವಿವರಣೆ.

ಹೆಣಿಗೆಯ ಸುಖವೂ ಈ ಝಿಕ್ರ್‌ನಂಥದ್ದೇ. ನಮ್ಮ ಮನೆಗಳ ಮಾತಿನಲ್ಲಿ ಅದಕ್ಕೆ ಎರಡೇ ಪದಗಳು: ಸೀದಾ, ಉಲ್ಟಾ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹೆಣೆಯುತ್ತ ಹೋದರೆ ಮುಂಭಾಗ ನುಣುಪಾಗಿ ಬರುತ್ತದೆ. ಒಂದೇ ಸಾಲಿನಲ್ಲಿ ಎರಡು ಸೀದಾ, ಎರಡು ಉಲ್ಟಾ ಹಾಕಿದರೆ ಸೊಂಟಕ್ಕೂ ಮಣಿಕಟ್ಟಿಗೂ ಬೇಕಾದ ಹಿಗ್ಗುವ ಪಟ್ಟಿ ಸಿದ್ಧ. ಮೊದಲು ನಾಲ್ಕು ಅಂಗುಲದ ಒಂದು ಚಿಕ್ಕ ತುಂಡು ಹೆಣೆದು ಕುಣಿಕೆಗಳನ್ನು ಎಣಿಸಿಕೊಳ್ಳುವುದು ಜಾಣತನ. ಒಬ್ಬೊಬ್ಬರ ಕೈಬಿಗಿ ಒಂದೊಂದು ಬಗೆ. ಮಕ್ಕಳ ಸ್ವೆಟರನ್ನು ಒಂದು ಅಳತೆ ಹೆಚ್ಚಾಗಿಯೇ ಹೆಣೆದರೆ ಮುಂದಿನ ಚಳಿಗಾಲಕ್ಕೂ ಬರುತ್ತದೆ. ಕುಣಿಕೆಯೊಂದು ಜಾರಿದರೆ ಗಾಬರಿ ಬೇಡ. ಕ್ರೋಶಾ ಕಡ್ಡಿಯಿಂದ ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಎತ್ತಬಹುದು. ಉಣ್ಣೆಯನ್ನು ತಣ್ಣೀರಿನಲ್ಲಿ ಮೆಲ್ಲಗೆ ಹಿಸುಕಿ ತೊಳೆದು, ಹಿಂಡದೆ, ನೆರಳಿನಲ್ಲಿ ಚಪ್ಪಟೆಯಾಗಿ ಹರವಿ ಒಣಗಿಸಬೇಕು. ಹಗ್ಗದ ಮೇಲೆ ತೂಗುಹಾಕಿದರೆ ನೀರಿನ ಭಾರಕ್ಕೆ ಅದು ಜೋತು ಬೀಳುತ್ತದೆ. ಬೇಸಗೆಯಲ್ಲಿ ಪೆಟ್ಟಿಗೆಯೊಳಗಿಡುವಾಗ ಚೆನ್ನಾಗಿ ಒಣಗಿದ ಬೇವಿನೆಲೆ ಹಾಕಿಡುವುದು ನಮ್ಮ ಅಜ್ಜಿಯಂದಿರ ಪದ್ಧತಿ.

ಚಳಿಗಾಲದ ಮೋಜೆಗೆ ಇನ್ನೊಂದು ಪ್ರಶ್ನೆ ಅಂಟಿಕೊಂಡಿದೆ: ವುಝೂ ಮಾಡುವಾಗ ಅದರ ಮೇಲೆ ಮಸಹ್ ಮಾಡಬಹುದೇ? ತಬೂಕ್ ಯಾತ್ರೆಯ ಸಂದರ್ಭದಲ್ಲಿ ಪ್ರವಾದಿವರ್ಯರು(ಸ) ಕಿರಿದಾದ ತೋಳುಗಳ ಉಣ್ಣೆಯ ಜುಬ್ಬಾ ಧರಿಸಿದ್ದರು. ತೋಳು ಮೇಲೇರದ ಕಾರಣ ಜುಬ್ಬಾದ ಕೆಳಗಿನಿಂದ ಕೈಗಳನ್ನು ಹೊರತೆಗೆದು ವುಝೂ ಮಾಡಿದರು. ಮುಗೀರಾ(ರ) ಅವರು ಪ್ರವಾದಿ(ಸ)ರ ಚರ್ಮದ ಖುಫ್ ಕಳಚಲು ಬಗ್ಗಿದಾಗ ಅದನ್ನು ತಡೆದು, ಕಾಲುಗಳು ಶುದ್ಧವಾಗಿರುವಾಗಲೇ ಅವನ್ನು ತೊಟ್ಟುದಾಗಿ ತಿಳಿಸಿ, ಅವುಗಳ ಮೇಲೆ ಮಸಹ್ ಮಾಡಿದರು. ಊರಿನಲ್ಲಿರುವವರಿಗೆ ಒಂದು ಹಗಲು ಒಂದು ರಾತ್ರಿ, ಪ್ರಯಾಣಿಕರಿಗೆ ಮೂರು ಹಗಲು ಮೂರು ರಾತ್ರಿ ಈ ರಿಯಾಯಿತಿ. ಬಟ್ಟೆಯ ಮೋಜೆಯ ವಿಷಯದಲ್ಲಿ ಫುಕಹಾಗಳ ನಡುವೆ ಭಿನ್ನಾಭಿಪ್ರಾಯವಿದೆ. ಹನಫೀ ಮಝ್‌ಹಬ್‌ನಲ್ಲಿ ಇಮಾಮ್ ಅಬೂ ಯೂಸುಫ್ ಮತ್ತು ಇಮಾಮ್ ಮುಹಮ್ಮದ್‌ರವರ ಅಭಿಪ್ರಾಯದಂತೆ ಮೋಜೆ ದಪ್ಪವಾಗಿರಬೇಕು, ಕಟ್ಟದೆಯೇ ಕಾಲಿನ ಮೇಲೆ ನಿಲ್ಲಬೇಕು, ನೀರು ಒಳಗಿಳಿಯಬಾರದು, ತೊಟ್ಟು ನಡೆಯಲು ತಾಳಬೇಕು. ಸಡಿಲ ಹೆಣಿಗೆಯ ಸಾಮಾನ್ಯ ಮೋಜೆ ಈ ಷರತ್ತುಗಳನ್ನು ಪೂರೈಸುವುದು ಕಷ್ಟ. ತಮ್ಮ ಊರಿನ ಉಲಮಾಗಳನ್ನು ಕೇಳಿ ನಡೆಯುವುದು ಕ್ಷೇಮ.

ಇಷ್ಟಾದರೂ ಒಂದು ಆಕ್ಷೇಪ ಉಳಿಯುತ್ತದೆ. ಉಣ್ಣೆಯ ಬೆಲೆಯೇ ಸಿದ್ಧ ಸ್ವೆಟರಿನ ಬೆಲೆಯನ್ನು ಮೀರುವ ಈ ಕಾಲದಲ್ಲಿ ಕೈಹೆಣಿಗೆಯಿಂದ ಏನು ಲಾಭ? ಲೆಕ್ಕವಾಗಿ ನೋಡಿದರೆ ಆಕ್ಷೇಪ ಸರಿಯೇ. ಆದರೆ ಹದೀಸಿನ ಗ್ರಂಥಗಳಲ್ಲಿರುವ ಒಂದು ಘಟನೆಯನ್ನು ನೋಡಿರಿ. ಸಹ್ಲ್ ಬಿನ್ ಸಅದ್(ರ) ವರದಿ ಮಾಡಿರುವಂತೆ ಒಬ್ಬ ಮಹಿಳೆ ಅಂಚುಳ್ಳ ಒಂದು ಹೊದಿಕೆಯನ್ನು ತನ್ನ ಕೈಯಾರೆ ನೆಯ್ದು ಪ್ರವಾದಿವರ್ಯರಿಗೆ(ಸ) ತಂದುಕೊಟ್ಟಳು. ಅವರಿಗೂ ಅದರ ಅಗತ್ಯವಿತ್ತು; ಸ್ವೀಕರಿಸಿ, ಅದನ್ನೇ ಉಟ್ಟು ಸಹಾಬಿಗಳ ನಡುವೆ ಬಂದರು. ಅಲ್ಲಿದ್ದ ಒಬ್ಬರು ಅದನ್ನು ಮೆಚ್ಚಿ ತಮಗೆ ಕೊಡಬೇಕೆಂದು ಕೇಳಿದರು, ಪ್ರವಾದಿ(ಸ)ರು ಕೊಟ್ಟೇಬಿಟ್ಟರು. ಜನರು ಕೇಳಿದವರನ್ನು ಆಕ್ಷೇಪಿಸಿದಾಗ, ಅದು ತಮ್ಮ ಕಫನ್ ಆಗಲೆಂದು ಕೇಳಿದೆನೆಂದು ಅವರು ಹೇಳಿದರು. ಕೊನೆಗೆ ಅದು ಅವರ ಕಫನ್ ಆಯಿತು. ಆ ಮಹಿಳೆಯ ಹೆಸರನ್ನು ವರದಿಯು ಹೇಳುವುದಿಲ್ಲ. ಅವಳು ಕೈಯಾರೆ ನೆಯ್ದಳೆಂಬುದನ್ನು ಮಾತ್ರ ಉಮ್ಮತ್ತು ಹದಿನಾಲ್ಕು ಶತಮಾನಗಳಿಂದ ಜೋಪಾನವಾಗಿ ಓದುತ್ತ ಬಂದಿದೆ.

ಉಮ್ಮುಲ್ ಮೂಮಿನೀನ್ ಝೈನಬ್ ಬಿಂತ್ ಜಹಶ್(ರ) ಅವರ ಬದುಕು ಇನ್ನೂ ಸ್ಪಷ್ಟವಾದ ಮಾದರಿ. ಪತ್ನಿಯರಲ್ಲಿ ಕೈ ಉದ್ದವಾಗಿರುವವರು ಮೊದಲು ತಮ್ಮನ್ನು ಸೇರುವರೆಂದು ಪ್ರವಾದಿ(ಸ)ರು ಹೇಳಿದ್ದರು. ಅವರು ತಮ್ಮ ತೋಳುಗಳನ್ನು ಅಳೆದು ನೋಡಿಕೊಳ್ಳುತ್ತಿದ್ದರು. ಹಿಜರಿ 20ರಲ್ಲಿ ಝೈನಬ್(ರ) ಎಲ್ಲರಿಗಿಂತ ಮೊದಲು ನಿಧನರಾದಾಗ ಆ ಮಾತಿನ ಅರ್ಥ ತಿಳಿಯಿತು. ಚರ್ಮ ಹದಮಾಡಿ, ಹೊಲಿದು, ಕೈಕೆಲಸದಿಂದ ಗಳಿಸಿದ್ದನ್ನು ಅವರು ದಾನ ಮಾಡುತ್ತಿದ್ದರು. ಉದ್ದವಾದ ಕೈ ಎಂದರೆ ದುಡಿದು ಕೊಡುವ ಕೈ.

ಈ ಚರಿತ್ರೆ ನಮ್ಮ ಮುಂದೆ ಒಂದು ಹೊಣೆಯನ್ನಿಡುತ್ತದೆ. ಹೊಲಿಗೆ, ಹೆಣಿಗೆ, ಕ್ರೋಶಾಗಳಿಂದ ನಾಲ್ಕು ಕಾಸು ಗಳಿಸುವ ಹೆಣ್ಣುಮಕ್ಕಳು ನಮ್ಮ ಮೊಹಲ್ಲಾಗಳಲ್ಲಿದ್ದಾರೆ. ನೆಂಟರೆಂಬ ಸಲುಗೆಯಿಂದ ಅವರ ಬಳಿ ಟೋಪಿ, ಸ್ವೆಟರ್ ಮಾಡಿಸಿಕೊಂಡು, ಮನೆಯಲ್ಲಿಯೇ ಕುಳಿತು ಮಾಡಿದ ಕೆಲಸಕ್ಕೆ ಕೂಲಿ ಏಕೆಂದು ಕೇಳುವವರೂ ಇದ್ದಾರೆ. ದುಡಿದವನ ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂಬ ಪ್ರವಾದಿವರ್ಯರ(ಸ) ಉಪದೇಶ ಅಂಗಡಿಯ ಆಳಿಗಷ್ಟೇ ಅನ್ವಯಿಸುವುದಲ್ಲ. ಸ್ತ್ರೀಯರು ಗಳಿಸಿದ್ದರಲ್ಲಿ ಅವರಿಗೆ ಪಾಲುಂಟೆಂದು ಸೂರಃ ಅನ್ನಿಸಾದ 32ನೆಯ ವಚನ ಸಾರುತ್ತದೆ. ಆ ಹಣ ಅವಳದು. ಅವಳ ಒಪ್ಪಿಗೆಯಿಲ್ಲದೆ ಅದನ್ನು ಮುಟ್ಟುವ ಹಕ್ಕು ತಂದೆಗೂ ಇಲ್ಲ, ಗಂಡನಿಗೂ ಇಲ್ಲ. ಕೂಲಿಗಲ್ಲದೆ ಪ್ರೀತಿಗಾಗಿ ಹೆಣೆದವರಿಗಾದರೂ ಒಂದು ಒಳ್ಳೆಯ ಮಾತು, ಒಂದು ದುಆ, ಹೆಣೆಯಲು ಒಂದಿಷ್ಟು ಬಿಡುವು ಸಲ್ಲಲೇಬೇಕು.

ಸೂರಃ ಅನ್ನಹ್ಲ್‌ನ 92ನೆಯ ವಚನದಲ್ಲಿ ಅಲ್ಲಾಹನು ಕರಾರು ಮುರಿಯುವವರನ್ನು ಎಚ್ಚರಿಸುತ್ತ, ಗಟ್ಟಿಯಾಗಿ ನೂತ ನೂಲನ್ನು ತಾನೇ ಬಿಚ್ಚಿ ಚೂರುಮಾಡಿದ ಹೆಂಗಸಿನ ಉಪಮೆಯನ್ನು ಕೊಡುತ್ತಾನೆ. ಮಕ್ಕಾದಲ್ಲಿ ಹಾಗೆ ಮಾಡುತ್ತಿದ್ದ ಒಬ್ಬಳಿದ್ದಳೆಂದು ಕೆಲವು ವ್ಯಾಖ್ಯಾನಕಾರರು ಬರೆದಿದ್ದಾರೆ. ಹೆಣೆಯುವವರಿಗೆ ಈ ಉಪಮೆಯ ನೋವು ಬೇಗ ಅರ್ಥವಾಗುತ್ತದೆ. ಆದರೆ ಬಿಚ್ಚುವುದೆಲ್ಲ ಹಾಳುಮಾಡುವುದಲ್ಲವೆಂಬುದನ್ನೂ ಅವರು ಬಲ್ಲರು. ಚಿಕ್ಕದಾದ ಸ್ವೆಟರನ್ನು ಬಿಚ್ಚಿ, ಎಳೆಯನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ತೊಳೆದು, ಸುಕ್ಕು ಬಿಡಿಸಿ, ತಮ್ಮನಿಗೋ ತಂಗಿಗೋ ಹೊಸದು ಹೆಣೆಯುವ ಮನೆಗಳು ನಮ್ಮಲ್ಲಿವೆ. ಅದು ದುಂದನ್ನು ತಡೆಯುವ ವಿವೇಕ. ನೆಂಟಸ್ತಿಕೆಯ ಎಳೆಗಳನ್ನು ಕತ್ತರಿಸಿ ಎಸೆಯುವುದೇ ಆ ವಚನ ಎಚ್ಚರಿಸುವ ಹಾಳುಗೆಡಹು.

ಈ ಚಳಿಗಾಲಕ್ಕೆ ನಾವು ಮಾಡಬಹುದಾದ ಕೆಲಸ ಸುಲಭವಾದುದು. ಮನೆಯ ಹಿರಿಯ ಹೆಂಗಸರಿಂದ ಮಕ್ಕಳು, ಗಂಡು ಹೆಣ್ಣೆಂಬ ಭೇದವಿಲ್ಲದೆ, ಸೀದಾ ಉಲ್ಟಾ ಎರಡನ್ನೂ ಕಲಿಯಲಿ. ತಮ್ಮ ಬಟ್ಟೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದ ಪ್ರವಾದಿವರ್ಯರ(ಸ) ಉಮ್ಮತ್ತಿನಲ್ಲಿ ಗಂಡುಮಕ್ಕಳಿಗೆ ಇದರಿಂದ ಅವಮಾನವಾಗದು. ಮನೆಯವರಿಗೆಂದು ಹೆಣೆಯುವಾಗ ಜೊತೆಗೆ ಒಂದು ಕುಲಾವಿ, ಒಂದು ಜೊತೆ ಮೋಜೆ ಹೆಚ್ಚಾಗಿ ಹೆಣೆದು, ಹುಮನಾಬಾದಿನಲ್ಲಾಗಲಿ ಬಸವಕಲ್ಯಾಣದಲ್ಲಾಗಲಿ ಬಯಲಿನಲ್ಲಿ ಮಲಗುವ ಬಡವರಿಗೆ, ಅವರು ಯಾವ ಧರ್ಮದವರೆಂದು ಕೇಳದೆ, ತಲುಪಿಸೋಣ. ನಮ್ಮ ತಾಯಂದಿರ, ಸೋದರಿಯರ ಕೈಗಳಲ್ಲಿ ಅಲ್ಲಾಹನು ಬರಕತ್ತನ್ನಿಡಲಿ, ಅವರ ದುಡಿಮೆಯನ್ನು ಸ್ವೀಕರಿಸಲಿ, ಅವರ ಹಕ್ಕನ್ನು ಸಲ್ಲಿಸುವ ತೌಫೀಕನ್ನು ನಮಗೆ ಕರುಣಿಸಲಿ. ಆಮೀನ್.